ಗವಿಯ ಛಾವಣಿಯಲ್ಲಿ ಹಸಿದ ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ನ್ಯೂಜಿಲೆಂಡಿನ ವೈಟೊಮೊ ಗವಿಗಳಲ್ಲಿ ಕಂಡ ಹೊಳೆಯುವ ಹುಳುಗಳ (ಗ್ಲೋವರ್ಮ್) ಬಗ್ಗೆ ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬೆಂಗಳೂರಿನ ನಾನಾ ಬಡಾವಣೆಗಳಿಂದ ಪತ್ರಗಳು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಮುಂಗಾರಿನ ಹೊತ್ತಿಗೆ ತೋಟದಂಚಿನ ಮರಗಳಲ್ಲಿ ಮಿಂಚುಹುಳುಗಳನ್ನು ನೋಡುತ್ತಲೇ ಬೆಳೆದಿದ್ದೇನೆ. ನೀವು ಬರೆದ ಗ್ಲೋವರ್ಮ್ ಎಂದರೆ ಇದೇ ಹುಳವೇ? ಇದಕ್ಕಾಗಿ ಸಮುದ್ರ ದಾಟಿ ಹೋಗಬೇಕೇ?
– ನಿವೃತ್ತ ಶಿಕ್ಷಕಿ, ಬಸವನಗುಡಿ

ಅಲ್ಲ ತಾಯಿ, ಎರಡೂ ಬೇರೆ ಬೇರೆ ಜೀವಿಗಳು. ಮಲೆನಾಡಿನ ಮಿಂಚುಹುಳು ದುಂಬಿಗಳ ಗುಂಪಿಗೆ ಸೇರಿದ್ದು. ಅದು ಮಿನುಗಿ ಆರಿ ಮತ್ತೆ ಮಿನುಗುವುದು ಜೊತೆಗಾರನನ್ನೋ ಜೊತೆಗಾತಿಯನ್ನೋ ಕರೆಯಲು. ವೈಟೊಮೊದ ಹುಳು ಸೊಳ್ಳೆಯನ್ನು ಹೋಲುವ ಒಂದು ಸಣ್ಣ ನೊಣದ ಮರಿ. ಅದರ ಶಾಸ್ತ್ರೀಯ ಹೆಸರು ಅರಾಕ್ನೊಕ್ಯಾಂಪ ಲ್ಯೂಮಿನೋಸ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನ ಕರೆಯುವ ಹೆಸರು ಟಿಟಿವಾಯ್. ಯುರೋಪಿನಲ್ಲಿ ರೆಕ್ಕೆಯಿಲ್ಲದ ಹೆಣ್ಣು ಮಿಂಚುಹುಳುವಿಗೂ ಗ್ಲೋವರ್ಮ್ ಎಂದೇ ಹೇಳುವುದರಿಂದ ಗೊಂದಲವಾಗುವುದು ಸಹಜ.

ಗವಿಯ ಹುಳುವಿನ ಬೆಳಕು ಮಿನುಗುವುದಿಲ್ಲ, ಒಂದೇ ಸಮನೆ ಉರಿಯುತ್ತದೆ. ಅದು ಪ್ರಣಯದ ಕರೆಯೂ ಅಲ್ಲ, ಬೇಟೆಯ ಬಲೆ. ಮರಿಹುಳು ಗವಿಯ ಛಾವಣಿಗೆ ಅಂಟಿಕೊಂಡು, ತಾನೇ ನೂತ ತೊಟ್ಟಿಲಿನಂಥ ಒಂದು ಕೊಳವೆಯಲ್ಲಿ ಮಲಗಿರುತ್ತದೆ. ಅಲ್ಲಿಂದ ಕೆಳಕ್ಕೆ ಹತ್ತಾರು ನೂಲುಗಳನ್ನು ಇಳಿಬಿಡುತ್ತದೆ. ಒಂದು ಹುಳು 70ರವರೆಗೂ ನೂಲುಗಳನ್ನು ತೂಗಬಿಡಬಲ್ಲದು. ಪ್ರತಿ ನೂಲಿಗೂ ಅಂಟಿನ ಹನಿಗಳನ್ನು ಪೋಣಿಸಿರುತ್ತದೆ. ಗವಿಯಲ್ಲಿ ಹರಿಯುವ ಹೊಳೆಯ ನೀರಿನಿಂದ ಮೇಲೆದ್ದ ಸಣ್ಣ ಕೀಟಗಳು ಈ ಹಸಿರು ಬೆರೆತ ನೀಲಿ ಬೆಳಕನ್ನು ಕಂಡು, ಬಯಲಿನ ದಾರಿ ಅತ್ತಲೇ ಇರಬೇಕೆಂಬಂತೆ ಮೇಲಕ್ಕೆ ಹಾರಿ ಹನಿಗೆ ಅಂಟಿಕೊಳ್ಳುತ್ತವೆ. ಹೊಟ್ಟೆ ಹಸಿದ ಹುಳು ಹೊಟ್ಟೆ ತುಂಬಿದ ಹುಳುವಿಗಿಂತ ಹೆಚ್ಚು ಪ್ರಖರವಾಗಿ ಬೆಳಗುತ್ತದೆ. ದೋಣಿಯಲ್ಲಿ ಕುಳಿತು ತಲೆ ಎತ್ತಿ ನೋಡುವ ನಮಗೆ ನಕ್ಷತ್ರಲೋಕದಂತೆ ಕಾಣುವುದು ಸಾವಿರಾರು ಜೀವಿಗಳ ಹಸಿವು. ಇದು ಗೊತ್ತಾದ ಮೇಲೆ ಆ ನೋಟದ ಚೆಲುವು ನನಗೇನೂ ಕಡಿಮೆಯಾಗಲಿಲ್ಲ. ಅಲ್ಲಿ ಮಾತಾಡಬಾರದೆಂದು ಯಾರೂ ಹೇಳಬೇಕಾಗಲಿಲ್ಲ, ಅಷ್ಟೇ.

ವೈಟೊಮೊ ಊರಿನ ಇನ್ನೊಂದು ಗವಿಯಾದ ರುಆಕುರಿಯಲ್ಲಿ ನಾನು ಒಂದು ನೂಲನ್ನು ಕೈಯಳತೆಯಲ್ಲಿ ನೋಡಿದೆ. ಮಾರ್ಗದರ್ಶಿ ತನ್ನ ಮಂದ ದೀಪವನ್ನು ಓರೆಯಾಗಿ ಹಿಡಿದಾಗ, ಗೇಣುದ್ದದ ನೂಲಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಹನಿಗಳು ಸಮಾನ ಅಂತರದಲ್ಲಿ ಕೂತಿರುವುದು ಕಂಡಿತು. ಒಂದು ಹನಿಯಲ್ಲಿ ಗುಂಗುರಿನಷ್ಟು ಸಣ್ಣ ಕೀಟ ಸಿಕ್ಕಿಕೊಂಡು ಅಲುಗುತ್ತಿತ್ತು. ಮೇಲಿನ ಹುಳು ಅರ್ಧ ಮೈಯನ್ನು ಕೊಳವೆಯಿಂದ ಹೊರಚಾಚಿ, ಬಾವಿಯಿಂದ ಹಗ್ಗ ಸೇದುವಂತೆ ನೂಲನ್ನು ಬಾಯಿಯಿಂದಲೇ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆಳೆದುಕೊಳ್ಳುತ್ತಿತ್ತು.

ರಾಮನಗರದ ಕಡೆ ರೇಷ್ಮೆಹುಳು ಸಾಕುವುದನ್ನು ಕಂಡವರಿಗೆ ಇದರ ಬದುಕು ಅಪರಿಚಿತವೆನಿಸದು. ಎರಡೂ ಬಾಯಿಯಿಂದ ನೂಲು ತೆಗೆಯುತ್ತವೆ. ಎರಡರಲ್ಲೂ ತಿನ್ನುವ ಕೆಲಸವೆಲ್ಲ ಹುಳುವಿನ ಹಂತದಲ್ಲೇ ಮುಗಿಯುತ್ತದೆ, ರೆಕ್ಕೆ ಬಂದ ಮೇಲೆ ಆಹಾರವಿಲ್ಲ. ಮೊಟ್ಟೆಯೊಡೆದು ಬಂದಾಗ ಕೆಲವೇ ಮಿಲಿಮೀಟರ್ ಇರುವ ಟಿಟಿವಾಯ್ ಮರಿ ಸುಮಾರು 9 ತಿಂಗಳಲ್ಲಿ ಹೆಚ್ಚುಕಡಿಮೆ ಬೆಂಕಿಕಡ್ಡಿಯ ಉದ್ದಕ್ಕೆ ಬೆಳೆಯುತ್ತದೆ. ಬಳಿಕ ಎರಡು ವಾರದಷ್ಟು ಕೋಶಾವಸ್ಥೆ, ಆಮೇಲೆ ಕೆಲವೇ ದಿನಗಳ ರೆಕ್ಕೆಯ ಬಾಳು. ಕೂಡುವುದು, ಮೊಟ್ಟೆಯಿಡುವುದು, ಸಾಯುವುದು.

ಅಮ್ಮನಿಗೆ 71 ವರ್ಷ, ಮಂಡಿನೋವಿದೆ. ಮಗನಿಗೆ 10 ವರ್ಷ. ಮೂವರೂ ಒಟ್ಟಿಗೆ ನೋಡಬಹುದಾದ ಗವಿ ಯಾವುದು?
– ಗೃಹಿಣಿ, ಮಲ್ಲೇಶ್ವರ

ಆಕ್ಲೆಂಡಿನಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿರುವ ವೈಟೊಮೊ ನಿಮಗೆ ಅನುಕೂಲ. ಅಲ್ಲಿ ಜನ ಹೆಚ್ಚಾಗಿ ನೋಡುವುದು ದೋಣಿಯಲ್ಲಿ ಸಾಗುವ ಗ್ಲೋವರ್ಮ್ ಗವಿಯನ್ನು. ಅದರಲ್ಲಿ ಮೆಟ್ಟಿಲುಗಳಿವೆ. ತಾಯಿಯವರಿಗೆ ಅದು ಕಷ್ಟವೆನಿಸಿದರೆ ರುಆಕುರಿ ಗವಿಯನ್ನೇ ಆರಿಸಿಕೊಳ್ಳಿ; ಸುರುಳಿಯಾಗಿ ಇಳಿಯುವ ಇಳಿಜಾರು ಹಾದಿಯನ್ನು ಗಾಲಿಕುರ್ಚಿಯೂ ಸಾಗುವಂತೆ ಕಟ್ಟಿದ್ದಾರೆ, ಮತ್ತು ಹುಳುಗಳನ್ನು ಹತ್ತಿರದಿಂದ ನೋಡಲು ಅದೇ ಉತ್ತಮ. ಮೂರನೆಯದಾದ ಅರಾನುಯಿ ಗವಿಯಲ್ಲಿ ಸುಣ್ಣಕಲ್ಲಿನ ಚಿತ್ತಾರಗಳು ಬಹಳ ಸೊಗಸಾಗಿವೆ, ಆದರೆ ಹುಳುಗಳಿಲ್ಲ. ಟಿಕೆಟ್ ಕೊಳ್ಳುವಾಗ ಇದನ್ನು ನೆನಪಿಡಿ. ರಬ್ಬರ್ ಟ್ಯೂಬಿನ ಮೇಲೆ ಕುಳಿತು ಗವಿಯ ಹೊಳೆಯಲ್ಲಿ ತೇಲುವ ಸಾಹಸಯಾತ್ರೆಯೂ ಇದೆ; ಅದಕ್ಕೆ ವಯಸ್ಸು ಮತ್ತು ತೂಕದ ಮಿತಿ ಇರುವುದರಿಂದ ಮಗನಿಗೆ ಈಗಲೇ ಆಸೆ ಹುಟ್ಟಿಸದಿರುವುದು ಒಳ್ಳೆಯದು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋಗುವವರು ಟೆ ಅನಾವ್ ಗವಿಯನ್ನು ನೋಡಬಹುದು. ಸರೋವರವನ್ನು ದೋಣಿಯಲ್ಲಿ ದಾಟಿ ತಲುಪಬೇಕಾದ ಆ ಗವಿ ಸುಮಾರು 12,000 ವರ್ಷದ್ದು. ಭೂವಿಜ್ಞಾನದ ಲೆಕ್ಕದಲ್ಲಿ ಕೂಸು. ನೀರು ಇನ್ನೂ ಅದನ್ನು ಕೊರೆಯುತ್ತಲೇ ಇದೆ. ಆದರೆ ಅಲ್ಲಿ ಬಗ್ಗಿ ನಡೆಯಬೇಕಾದ ಜಾಗಗಳಿವೆ, ಮಂಡಿನೋವಿದ್ದವರಿಗೆ ನಾನು ಹೇಳಲಾರೆ.

ಹೋಗುವ ಮುನ್ನ ಮಗನಿಗೆ ವೈಟೊಮೊದ ಕತೆ ಹೇಳಿ. ಮಾವೊರಿ ಭಾಷೆಯಲ್ಲಿ 'ವಾಯ್' ಎಂದರೆ ನೀರು, 'ಟೊಮೊ' ಎಂದರೆ ಕುಳಿ. 1887ರಲ್ಲಿ ಅಲ್ಲಿನ ಮಾವೊರಿ ಮುಖಂಡ ಟಾನೆ ಟಿನೊರಾವ್ ಮತ್ತು ಇಂಗ್ಲಿಷ್ ಸರ್ವೇಯರ್ ಫ್ರೆಡ್ ಮೇಸ್ ನಾರುಗಿಡದ ದಂಟುಗಳಿಂದ ತೆಪ್ಪ ಕಟ್ಟಿಕೊಂಡು, ಮೇಣದಬತ್ತಿ ಹಿಡಿದು, ಹೊಳೆ ನೆಲದೊಳಗೆ ಇಳಿಯುವ ಬಾಯಿಂದ ಒಳಹೊಕ್ಕರು. 1889ರ ಹೊತ್ತಿಗೆ ಟಾನೆ ಟಿನೊರಾವ್ ಮತ್ತು ಅವರ ಪತ್ನಿ ಹುಟಿ ಪ್ರವಾಸಿಗರನ್ನು ಕರೆದೊಯ್ಯತೊಡಗಿದ್ದರು. 1906ರಲ್ಲಿ ಸರ್ಕಾರ ಗವಿಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1989ರಲ್ಲಿ ಆ ನೆಲ ಮತ್ತು ಗವಿ ಅವರ ವಂಶಸ್ಥರಿಗೆ ಮರಳಿದವು. ಇಂದು ನಿಮ್ಮನ್ನು ಒಳಗೆ ಕರೆದೊಯ್ಯುವ ಮಾರ್ಗದರ್ಶಿಗಳಲ್ಲಿ ಹಲವರು ಆ ದಂಪತಿಗಳ ಮರಿಮಕ್ಕಳ ಪೀಳಿಗೆಯವರು. ತಮ್ಮ ಹಿರಿಯರ ಮನೆಯನ್ನು ತೋರಿಸುವವರಂತೆ ಅವರು ಮಾತಾಡುತ್ತಾರೆ.

ಟಿಕೆಟ್ಟಿಗೆ ಅಷ್ಟು ಹಣ ಕೊಟ್ಟ ಮೇಲೂ ದೋಣಿಯಲ್ಲಿ ಫೋಟೊ ತೆಗೆಯಬಾರದೆನ್ನುವುದು ನ್ಯಾಯವೇ? ಫ್ಲ್ಯಾಶ್ ಇಲ್ಲದೆ ತೆಗೆದರೆ ಯಾರಿಗೆ ತೊಂದರೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರ

ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ, ಆದರೆ ಈ ವಿಷಯದಲ್ಲಿ ನಾನು ಪೂರ್ತಿಯಾಗಿ ಗವಿಯವರ ಪಕ್ಷ. ಕಾರಣ ವಿವರಿಸುತ್ತೇನೆ.

ಬೆಂಗಳೂರಿನಲ್ಲಿ ಬೆಳೆದ ನಿಮ್ಮ ವಯಸ್ಸಿನವರು ನಿಜವಾದ ಕತ್ತಲನ್ನು ಕಂಡಿರುವ ಸಂಭವ ಕಡಿಮೆ. ಕರೆಂಟು ಹೋದ ರಾತ್ರಿಯೂ ನಮ್ಮ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಗವಿಯ ದೋಣಿಯಲ್ಲಿ ದೀಪವಿಲ್ಲ, ಮೋಟಾರಿಲ್ಲ. ಮಾರ್ಗದರ್ಶಿ ಎದ್ದು ನಿಂತು ತಲೆಯ ಮೇಲಿನ ಹಗ್ಗವನ್ನು ಕೈಯಿಂದ ಕೈಗೆ ಹಿಡಿಯುತ್ತಾ ದೋಣಿಯನ್ನು ಸಾಗಿಸುತ್ತಾರೆ. ಮೊದಲು ಹತ್ತಿಪ್ಪತ್ತು ಚುಕ್ಕಿಗಳಷ್ಟೇ ಕಾಣುತ್ತವೆ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಿಕೊಳ್ಳಲು ಅರ್ಧ ಗಂಟೆಯಾದರೂ ಬೇಕಾಗುವುದರಿಂದ, ನಿಮಿಷಗಳು ಕಳೆದಂತೆ ಚುಕ್ಕಿಗಳ ನಡುವಿನ ಖಾಲಿ ಜಾಗದಲ್ಲಿ ಮತ್ತಷ್ಟು ಚುಕ್ಕಿಗಳು ಮೂಡುತ್ತವೆ, ಆ ಮೇಲೆ ಅವುಗಳ ಬೆಳಕು ಕೆಳಗಿನ ಕಪ್ಪು ನೀರಿನಲ್ಲೂ ಕಾಣತೊಡಗುತ್ತದೆ. ಒಬ್ಬರು ಮೊಬೈಲಿನ ಪರದೆ ತೆರೆದರೆ ಸಾಕು, ದೋಣಿಯಲ್ಲಿರುವ ಎಲ್ಲರ ಕಣ್ಣೂ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ನಮ್ಮ ದೋಣಿಯಲ್ಲಿ ಹಾಗೆಯೇ ಆಯಿತು. ಹಿಂದಿನ ಸಾಲಿನಲ್ಲಿ ಯಾರೋ ಗಂಟೆ ನೋಡಲು ಮೊಬೈಲ್ ತೆಗೆದರು. ಮತ್ತೆ ಆ ಸಣ್ಣ ಚುಕ್ಕಿಗಳು ಕಾಣುವಷ್ಟರಲ್ಲಿ ಯಾತ್ರೆ ಮುಗಿದಿತ್ತು. ಇಂದಿಗೂ ನನಗೆ ಅದರ ದುಃಖವಿದೆ.

ಮನುಷ್ಯರಿಗಿಂತ ಹುಳುಗಳಿಗೆ ಆಗುವ ತೊಂದರೆ ದೊಡ್ಡದು. ಪ್ರಖರ ಬೆಳಕು ಬಿದ್ದರೆ ಹುಳು ತನ್ನ ದೀಪವನ್ನು ಆರಿಸಿಕೊಳ್ಳುತ್ತದೆ. ದೀಪ ಆರಿದಷ್ಟು ಹೊತ್ತು ಬೇಟೆಯಿಲ್ಲ, ಬೇಟೆಯಿಲ್ಲದಿದ್ದರೆ ಊಟವಿಲ್ಲ. ದಿನವೂ ದೋಣಿಯ ಹಿಂದೆ ದೋಣಿ ಬರುವ ಜಾಗದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಚಿತ್ರಕ್ಕೆ ಅವಕಾಶ ಕೊಟ್ಟರೆ ಆ ಛಾವಣಿಯ ಗತಿ ಏನಾದೀತೆಂದು ನೀವೇ ಲೆಕ್ಕ ಹಾಕಿ. ನಾವು ಉಸಿರಾಡುವುದರಿಂದಲೂ ಗವಿಗೆ ಪೆಟ್ಟು ಬೀಳುತ್ತದೆ: ಉಸಿರಿನ ಇಂಗಾಲದ ಡೈಆಕ್ಸೈಡ್ ತೇವದಲ್ಲಿ ಬೆರೆತು ಆಮ್ಲವಾಗಿ ಸುಣ್ಣಕಲ್ಲನ್ನು ಸವೆಸುತ್ತದೆ, ಗಾಳಿಯ ಓಡಾಟ ಹೆಚ್ಚಿದರೆ ಹುಳುಗಳ ನೂಲುಗಳು ಒಣಗಿ ಸಿಕ್ಕಾಗುತ್ತವೆ. ಆದ್ದರಿಂದಲೇ ಅಲ್ಲಿ ಗಾಳಿ, ತೇವ, ಉಷ್ಣತೆಗಳನ್ನು ಉಪಕರಣಗಳಿಂದ ಸದಾ ಅಳೆಯುತ್ತಾರೆ. ಚಿತ್ರ ಬೇಕೇಬೇಕೆಂದಿದ್ದರೆ ಅದಕ್ಕೆ ಅನುಮತಿಯಿರುವ ಪ್ರವಾಸಗಳೂ ಇವೆ. ಮುಂಗಡವಾಗಿ ಕೇಳಿಕೊಂಡು ಅದನ್ನೇ ಆರಿಸಿಕೊಳ್ಳಿ.

ಇಂಥ ಗವಿ ಬೆಂಗಳೂರಿನ ಸುತ್ತಮುತ್ತ, ಕಡೆಗೆ ಭಾರತದಲ್ಲಾದರೂ ಏಕಿಲ್ಲ?
– ಬ್ಯಾಂಕ್ ಉದ್ಯೋಗಿ, ಜಯನಗರ

ಕಲ್ಲಿನ ಕಾರಣ ಒಂದು, ಹುಳುವಿನ ಕಾರಣ ಇನ್ನೊಂದು. ನಿಮ್ಮ ಮನೆಗೆ ಹತ್ತಿರದ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ವೈಟೊಮೊದ ಸುಣ್ಣಕಲ್ಲಿಗೆ ಸುಮಾರು 3 ಕೋಟಿ ವರ್ಷ, ಅದು ಕಡಲ ಜೀವಿಗಳ ಚಿಪ್ಪು ಮೂಳೆಗಳು ತಳದಲ್ಲಿ ಒತ್ತರಿಸಿ ಆದ ಕಲ್ಲು. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಗವಿ ಕೊರೆಯಬಲ್ಲದು, ನಮ್ಮ ಗಟ್ಟಿಬಂಡೆಯನ್ನು ಹಾಗೆ ಕರಗಿಸಲಾರದು. ಗವಿಪುರದ ಗಂಗಾಧರೇಶ್ವರನ ಗುಹಾಲಯದಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಹಾಯುವುದನ್ನು ನೋಡಲು ನಾವು ಸಾಲುಗಟ್ಟುತ್ತೇವೆ; ಅದು ಬಂಡೆಯಲ್ಲಿ ಕಡೆದ ಗುಡಿ. ಸುಣ್ಣಕಲ್ಲಿನ ಗವಿ ನೋಡಬೇಕೆಂದರೆ ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂಗೆ ಹೋಗಿ. ಒಟ್ಟು 3,229 ಮೀಟರ್ ಉದ್ದದ ಆ ಗವಿಯಲ್ಲಿ ಸುಮಾರು ಒಂದೂವರೆ ಕಿ.ಮೀ. ನಡೆದು ನೋಡಬಹುದು. ಮೇಘಾಲಯದಲ್ಲಂತೂ ಗವಿಗಳು ಲೆಕ್ಕವಿಲ್ಲದಷ್ಟಿವೆ.

ಆದರೆ ಈ ಹುಳು ಅಲ್ಲಿಲ್ಲ. ಅರಾಕ್ನೊಕ್ಯಾಂಪ ಕುಲ ಇರುವುದು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಮಾತ್ರ. ಆಸ್ಟ್ರೇಲಿಯಾದಲ್ಲಿ ಮಕ್ಕಳಿರುವ ಬೆಂಗಳೂರಿಗರು ಕ್ವೀನ್ಸ್‌ಲೆಂಡಿನ ಸ್ಪ್ರಿಂಗ್‌ಬ್ರೂಕ್ ರಾಷ್ಟ್ರೀಯ ಉದ್ಯಾನದ ನ್ಯಾಚುರಲ್ ಬ್ರಿಜ್, ಟಾಸ್ಮೇನಿಯಾದ ಮರಕೂಪ ಗವಿ, ಇಲ್ಲವೇ ನ್ಯೂ ಸೌತ್ ವೇಲ್ಸಿನ ನ್ಯೂನ್ಸ್ ಬಳಿಯ ಹಳೆಯ ರೈಲು ಸುರಂಗಕ್ಕೆ ಹೋಗಬಹುದು. ಅಲ್ಲಿ ಮೈಗೆ ಸೊಳ್ಳೆ ಮುಲಾಮು ಹಚ್ಚಿಕೊಂಡು ಹೋಗಬೇಡಿ, ಇವೂ ಕೀಟಗಳೇ.

ಸಾಮಾನಿನಲ್ಲಿ ಏನು ಒಯ್ಯಬೇಕು, ಏನು ಬೇಡ?
– ಹಿರಿಯ ನಾಗರಿಕರು, ರಾಜಾಜಿನಗರ

ಗವಿಯೊಳಗೆ ಎಲ್ಲ ಕಾಲದಲ್ಲೂ ಚಳಿ. ಸ್ವೆಟರ್ ಮತ್ತು ಜಾರದ ಬೂಟು ಸಾಕು. ವೀಸಾ ಮೊದಲೇ ಪಡೆದಿರಬೇಕು. ನ್ಯೂಜಿಲೆಂಡ್ ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಕೊಬ್ಬರಿ ಮಿಠಾಯಿ, ಏನೇ ಇದ್ದರೂ ಫಾರಮ್ಮಿನಲ್ಲಿ ಬರೆದು ತಿಳಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ಒಯ್ಯಲೇಬೇಡಿ. ಬೂಟಿನ ತಳದ ಮಣ್ಣನ್ನು ಮನೆಯಲ್ಲೇ ತೊಳೆದುಬಿಡಿ, ಅದನ್ನೂ ನೋಡುತ್ತಾರೆ.

ಮಾರ್ಗದರ್ಶಿಯಿಲ್ಲದೆ, ಖರ್ಚಿಲ್ಲದೆ ನಾವು ಗೆಳೆಯರೇ ಹೋಗಿ ನೋಡಬಹುದಾದ ಗವಿಗಳಿವೆಯೇ?
– ಚಾರಣಪ್ರಿಯ ಯುವಕ, ಕೆಂಗೇರಿ

ಇವೆ. ಉತ್ತರ ದ್ವೀಪದ ತುದಿಯ ಕಡೆ ವೈಪು ಗವಿಗಳಿಗೆ ಟಿಕೆಟ್ ಇಲ್ಲ. ಆದರೆ ಕೆಸರು, ನೀರು, ಜಾರು ಕಲ್ಲು ಎಲ್ಲವೂ ಇವೆ. ಒಬ್ಬರೇ ಹೋಗಬೇಡಿ, ತಲೆಗೆ ಕಟ್ಟುವ ದೀಪವಲ್ಲದೆ ಪ್ರತಿಯೊಬ್ಬರ ಬಳಿ ಇನ್ನೆರಡು ದೀಪಗಳಿರಲಿ, ಎಷ್ಟು ಗಂಟೆಗೆ ಹೊರಬರುತ್ತೀರೆಂದು ಮೇಲಿರುವ ಯಾರಿಗಾದರೂ ಹೇಳಿ ಹೋಗಿ. ಮಳೆಯ ಮುನ್ಸೂಚನೆ ಇದ್ದ ದಿನ ಒಳಗೆ ಕಾಲಿಡಬೇಡಿ. ಹುಳುಗಳಿರುವುದೇ ಹೊಳೆ ಹರಿಯುವ ಗವಿಗಳಲ್ಲಿ, ಮತ್ತು ಎಲ್ಲೋ ಬೆಟ್ಟದ ಮೇಲೆ ಸುರಿದ ಮಳೆ ನಿಮಗೆ ಸದ್ದೂ ಕೇಳಿಸದೆ ಒಳಗೆ ಬಂದುಬಿಡುತ್ತದೆ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುಆಂಗ್ ಗವಿಯಲ್ಲಿ 12 ಹುಡುಗರು ಮತ್ತು ಅವರ ತರಬೇತುದಾರ ಸಿಕ್ಕಿಬಿದ್ದದ್ದು ಹೀಗೆಯೇ. ವೈಟೊಮೊದಲ್ಲೂ ಹೊಳೆ ಏರಿದ ದಿನ ದೋಣಿ ಬಿಡುವುದಿಲ್ಲ.

ಇಷ್ಟೆಲ್ಲ ಸಿದ್ಧತೆ ಆಗದೆಂದರೆ ದಕ್ಷಿಣ ದ್ವೀಪದ ಪಶ್ಚಿಮ ತೀರದ ಹೊಕಿಟಿಕಾ ಊರಿಗೆ ಹೋಗಿ. ಊರಂಚಿನಲ್ಲಿ, ಹೆದ್ದಾರಿಯ ಪಕ್ಕದಲ್ಲೇ, ಜರಿಗಿಡಗಳು ಕವಿದ ಒಂದು ಸಣ್ಣ ಕೊರಕಲಿದೆ. ಗವಿಯಲ್ಲ, ಆದರೆ ಅದರ ಒದ್ದೆ ಗೋಡೆಗಳ ತುಂಬ ಇದೇ ಹುಳುಗಳಿವೆ, ಪ್ರವೇಶ ಉಚಿತ. ಪೂರ್ತಿ ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಾಲಿನ ಕಡೆಗೆ ತಗ್ಗಿಸಿ ಹಿಡಿದು ನಡೆಯಿರಿ. ಹಾದಿ ಮುಗಿಯುವಲ್ಲಿ ಅದನ್ನು ಆರಿಸಿ, ಅರ್ಧ ಗಂಟೆ ಸುಮ್ಮನೆ ನಿಂತುಕೊಳ್ಳಿ.