‘ಗಾಡಿ’ ಎಂದರೆ ಯಾವ ಗಾಡಿ?

ಪ್ರಶ್ನೆ: ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಪ್ರಬಂಧವೊಂದರಲ್ಲಿ ‘ಅಪ್ಪನ ಗಾಡಿ ಕೆಟ್ಟುಹೋಗಿದ್ದರಿಂದ ಶಾಲೆಗೆ ತಡವಾಯಿತು’ ಎಂದು ಬರೆದಿದ್ದಳು. ಶಿಕ್ಷಕರು ‘ಗಾಡಿ’ಯನ್ನು ಹೊಡೆದುಹಾಕಿ ‘ದ್ವಿಚಕ್ರ ವಾಹನ’ ಎಂದು ತಿದ್ದಿದ್ದಾರೆ. ಗಾಡಿ ಎಂದರೆ ಎತ್ತಿನ ಗಾಡಿ ಮಾತ್ರ ಎಂಬುದು ಅವರ ಅಭಿಪ್ರಾಯ. ಇದು ಸರಿಯೇ? ಈ ಪದ ಕನ್ನಡದ್ದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ವಾಕ್ಯದಲ್ಲಿ ತಪ್ಪಿಲ್ಲ.

ಮೊದಲು ಪದದ ಮೂಲವನ್ನು ನೋಡೋಣ. ಎತ್ತು ಎಳೆಯುವ ಗಾಲಿಯ ಸಾಧನಕ್ಕೆ ಕನ್ನಡದ ಹಳೆಯ ಹೆಸರು ‘ಬಂಡಿ’. ತಮಿಳಿನ ‘ವಂಡಿ’, ತೆಲುಗಿನ ‘ಬಂಡಿ’ ಇದರ ಬಳಗದವೇ. ‘ಗಾಡಿ’ ಉತ್ತರದಿಂದ ಬಂದದ್ದು. ಪ್ರಾಕೃತದ ‘ಗಡ್ಡೀ’ಗೆ ಸಂಬಂಧಿಸಿದ ಈ ಪದ ಮರಾಠಿ, ಗುಜರಾತಿ, ಹಿಂದಿಗಳಲ್ಲೆಲ್ಲ ಇದೆ. (ಹಳಗನ್ನಡ ಕಾವ್ಯಗಳಲ್ಲಿ ‘ಗಾಡಿ’ ಎಂದರೆ ಸೊಬಗು, ‘ಗಾಡಿಕಾತಿ’ ಎಂದರೆ ಚೆಲುವೆ, ಅದು ಬೇರೆಯೇ ಪದ.) ರೈಲು ಬಂದ ಮೇಲೆ ಜನ ‘ಹೊಗೆಬಂಡಿ’, ‘ಉಗಿಬಂಡಿ’ ಎಂದೂ ಕರೆದರು, ‘ರೈಲುಗಾಡಿ’ ಎಂದೂ ಕರೆದರು. ಆದರೆ ಸ್ಕೂಟರು, ಬೈಕು, ಕಾರುಗಳು ಮನೆಮನೆಗೆ ಬರುವ ಹೊತ್ತಿಗೆ ತಮಿಳು, ತೆಲುಗುಗಳು ತಮ್ಮ ಹಳೆಯ ಪದವನ್ನೇ ಅವುಗಳಿಗೂ ಹಿಗ್ಗಿಸಿಕೊಂಡರೆ, ಕನ್ನಡದಲ್ಲಿ ಬಂಡಿ ಹೆಚ್ಚಾಗಿ ಎತ್ತಿನ ಜೊತೆಯಲ್ಲೇ ಉಳಿಯಿತು, ಹೊಸ ಭಾರವನ್ನೆಲ್ಲ ಗಾಡಿ ಹೊತ್ತುಕೊಂಡಿತು.

ಇಂದು ಈ ಪದದ ಅರ್ಥವನ್ನು ನಿರ್ಧರಿಸುವುದು ಅದನ್ನು ಆಡುವ ಜಾಗ. ಬೆಂಗಳೂರಿನ ಮನೆಯೊಂದರಲ್ಲಿ ‘ಗಾಡಿ ಕೀ ಎಲ್ಲಿಟ್ಟೆ?’ ಎಂದರೆ ಸ್ಕೂಟರಿನ ಕೀಲಿಕೈ. ರೈಲು ನಿಲ್ದಾಣದಲ್ಲಿ ‘ಗಾಡಿ ಎಷ್ಟು ಹೊತ್ತಿಗೆ?’ ಎಂದರೆ ರೈಲು. ಸಂಜೆ ‘ಗಾಡಿಯಲ್ಲಿ ತಿಂದೆವು’ ಎಂದರೆ ರಸ್ತೆ ಬದಿಯ ತಳ್ಳುಗಾಡಿಯ ತಿಂಡಿ. ರೈತರ ಮಾತಿನಲ್ಲಿ ಅದು ಅಳತೆಯೂ ಹೌದು. ‘ಹೊಲಕ್ಕೆ ಹತ್ತು ಗಾಡಿ ಗೊಬ್ಬರ ಹೊಡೆಸಿದೆ’ ಎನ್ನುವವರ ಕೊಟ್ಟಿಗೆಯಲ್ಲಿ ಈಗ ಎತ್ತು ಇಲ್ಲದಿರಬಹುದು, ಗೊಬ್ಬರ ಟ್ರ್ಯಾಕ್ಟರಿನಲ್ಲೇ ಹೋಗಿರಬಹುದು, ಆದರೂ ಲೆಕ್ಕ ಗಾಡಿಯದೇ.

ನನಗೆ ಇದಕ್ಕಿಂತ ಪ್ರಿಯವಾದದ್ದು ಈ ಪದದ ಜೊತೆಗಿರುವ ಕ್ರಿಯಾಪದಗಳು. ಎತ್ತಿನ ಗಾಡಿಯನ್ನು ‘ಹೊಡೆಯುತ್ತಿದ್ದರು’, ಏಕೆಂದರೆ ಗಾಡಿಯವನ ಕೈಯಲ್ಲಿ ಬಾರುಕೋಲು ಇರುತ್ತಿತ್ತು. ಇಂದು ಕೈಯಲ್ಲಿರುವುದು ಸ್ಟೇರಿಂಗು. ಆದರೂ ‘ಲಾರಿ ಹೊಡೆಯುತ್ತಾನೆ’, ‘ರಾತ್ರಿಯೆಲ್ಲ ಗಾಡಿ ಹೊಡೆದು ಬಂದಿದ್ದಾನೆ’ ಎಂಬ ಮಾತು ಬಿಟ್ಟುಹೋಗಿಲ್ಲ. ಹಿಂದೆ ಜಾತ್ರೆಗೆ ‘ಗಾಡಿ ಕಟ್ಟಿಕೊಂಡು’ ಹೋಗುತ್ತಿದ್ದರು, ಅಂದರೆ ನೊಗಕ್ಕೆ ಎತ್ತು ಹೂಡಿ. ಈಗ ಧರ್ಮಸ್ಥಳಕ್ಕೆ ‘ಗಾಡಿ ಮಾಡಿಕೊಂಡು’ ಹೋಗುತ್ತೇವೆ, ಅಂದರೆ ಬಾಡಿಗೆಗೆ ಹಿಡಿದು. ಕಟ್ಟುವುದರಿಂದ ಮಾಡುವುದಕ್ಕೆ ಬಂದದ್ದರಲ್ಲೇ ಬದುಕಿನ ರೀತಿ ಎಷ್ಟು ಬದಲಾಗಿದೆ ಎಂಬುದು ತಿಳಿಯುತ್ತದೆ. ಆಯುಧಪೂಜೆಯ ದಿನ ನಿಮ್ಮ ಸ್ಕೂಟರನ್ನು ತೊಳೆದು, ಹೂ ಮುಡಿಸಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟು ‘ಗಾಡಿ ಪೂಜೆ ಆಯಿತು’ ಎನ್ನುವಾಗ ನೀವು ಆಡುವುದೂ ಇದೇ ಮಾತನ್ನು.

ಇನ್ನು ಶಿಕ್ಷಕರು ಸೂಚಿಸಿದ ‘ವಾಹನ’ವನ್ನು ನೋಡಿ. ಹೊರುವುದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಅದು ವಿಷ್ಣುವಿಗೆ ಗರುಡ, ಶಿವನಿಗೆ ನಂದಿ, ಗಣಪತಿಗೆ ಇಲಿ ಎಂಬಲ್ಲಿ ದೇವರನ್ನು ಹೊರುವ ಪ್ರಾಣಿ ಪಕ್ಷಿಗಳ ಹೆಸರು. ಅದು ಇಂಜಿನ್ನಿನ ಯಂತ್ರಕ್ಕೆ ಸಲ್ಲುವುದಾದರೆ ಗಾಡಿ ಸಲ್ಲದು ಎನ್ನಲು ಕಾರಣವಿಲ್ಲ. ನೋಂದಣಿಯ ಅರ್ಜಿಯಲ್ಲಿ, ಪೊಲೀಸರ ಪ್ರಕಟಣೆಯಲ್ಲಿ ‘ದ್ವಿಚಕ್ರ ವಾಹನ’ ಇರಲಿ, ಅಲ್ಲಿ ಅದು ಬೇಕು. ಹತ್ತು ವರ್ಷದ ಮಗು ಅಪ್ಪನ ಬಗ್ಗೆ ಬರೆಯುವಾಗ ಹಾಗೆ ಬರೆಯಬೇಕಾಗಿಲ್ಲ. ಯಾವ ಗಾಡಿ ಎಂಬುದು ಓದುವವರಿಗೆ ಸ್ಪಷ್ಟವಾಗಬೇಕೆಂಬುದಷ್ಟೇ ಶಿಕ್ಷಕರ ಆಶಯವಾದರೆ ‘ಅಪ್ಪನ ಸ್ಕೂಟರು’ ಎಂದು ಬರೆಯಲು ಹೇಳಿ; ಇಲ್ಲವಾದರೆ ಅವಳು ಬರೆದದ್ದು ಬರೆದಂತೆಯೇ ಇರಲಿ.