ಬ್ರಾಂಕೋಸ್ಕೋಪಿಯಲ್ಲಿ ‘ಕ್ಯಾನ್ಸರ್ ಕಣಗಳಿಲ್ಲ’ ಎಂದು ಬಂದ ಮೇಲೂ ಮತ್ತೆ ಬಯಾಪ್ಸಿ ಏಕೆ?

ಬೀಡಿ ಸೇದುವ ಅಭ್ಯಾಸವಿದ್ದ ನಿಮ್ಮ ತಂದೆಯವರ ಬಲ ಶ್ವಾಸಕೋಶದಲ್ಲಿ ನಾಲ್ಕು ಸೆಂಟಿಮೀಟರಿನ ಗಡ್ಡೆ ಇದೆಯೆಂದು ಸಿ.ಟಿ. ಸ್ಕ್ಯಾನ್ ಹೇಳುತ್ತದೆ, ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಶ್ವಾಸನಾಳದೊಳಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆಯಲ್ಲಿ, ತೆಗೆದ ನೀರಿನ ವರದಿ ಮಾತ್ರ ‘ಕ್ಯಾನ್ಸರ್ ಕಣಗಳು ಕಂಡುಬಂದಿಲ್ಲ’ ಎನ್ನುತ್ತದೆ. ಹೀಗಿರುವಾಗ ವೈದ್ಯರು ಬಯಾಪ್ಸಿಗೆಂದು, ಅಂದರೆ ಗಡ್ಡೆಯ ತುಣುಕು ತೆಗೆದು ನೋಡಲೆಂದು, ಮತ್ತೊಮ್ಮೆ ಸ್ಯಾಂಪಲ್ ಕೇಳುತ್ತಿರುವುದು ಹಣಕ್ಕಾಗಿಯೇ ಎಂದು ಜಮಖಂಡಿಯಿಂದ ಬರೆದು ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಪೆಥಾಲಜಿ ವೈದ್ಯನಾಗಿ ಇಂಥ ಸ್ಯಾಂಪಲ್‌ಗಳನ್ನು ನೋಡುವವನು. ನಿಮ್ಮ ತಂದೆಯವರ ಸ್ಲೈಡನ್ನು ನಾನು ನೋಡಿಲ್ಲವಾದರೂ, ನೀವು ಬರೆದಿರುವಷ್ಟರ ಮಟ್ಟಿಗೆ ವೈದ್ಯರು ಕೇಳುತ್ತಿರುವುದು ಸರಿಯಾಗಿಯೇ ಇದೆ.

ವರದಿಯಲ್ಲಿ ‘ವಾಶ್’ ಎಂದು ಬರೆದಿರುವುದು, ನಳಿಕೆಯ ಮೂಲಕ ಶ್ವಾಸನಾಳಕ್ಕೆ ಸಲೈನ್ ಬಿಟ್ಟು ಮರಳಿ ಹೀರಿಕೊಂಡ ನೀರು. ಗಡ್ಡೆಯಿಂದ ತಾನಾಗಿ ಉದುರಿದ ಕಣಗಳು ಮಾತ್ರ ಅದರಲ್ಲಿ ಸಿಗುತ್ತವೆ; ಬಾವಿಯ ನೀರನ್ನು ಕೊಡದಲ್ಲಿ ಸೇದಿ ನೋಡಿ ತಳದಲ್ಲಿ ಯಾವ ಕಲ್ಲಿದೆ ಎಂದು ಹೇಳಲು ಹೊರಟಂತೆ ಆ ಪರೀಕ್ಷೆ. ಗಡ್ಡೆಯು ದೊಡ್ಡ ಶ್ವಾಸನಾಳದೊಳಗೆ ಕಣ್ಣಿಗೆ ಕಾಣುವಂತಿದ್ದಾಗಲೂ ವಾಶ್ ಒಂದರಿಂದಲೇ ರೋಗ ಪತ್ತೆಯಾಗುವುದು ಸುಮಾರು ಅರ್ಧದಷ್ಟು ಜನರಲ್ಲಿ. ಬ್ರಶ್‌ನಿಂದ ಉಜ್ಜಿ ತೆಗೆದರೆ ಈ ಪ್ರಮಾಣ ಶೇ. 60ರ ಆಸುಪಾಸಿಗೂ, ಫೋರ್ಸೆಪ್ಸ್ ಎಂಬ ಚಿಮ್ಮಟದಿಂದ ತುಣುಕು ತೆಗೆದರೆ ಶೇ. 75ರ ಹತ್ತಿರಕ್ಕೂ ಏರುತ್ತದೆ, ಎಲ್ಲವನ್ನೂ ಕೂಡಿಸಿದರೆ ಶೇ. 90ರ ಸಮೀಪ ಹೋಗುತ್ತದೆ. ಗಡ್ಡೆಯು ಶ್ವಾಸಕೋಶದ ಅಂಚಿನಲ್ಲಿದ್ದರೆ ಇವೆಲ್ಲವೂ ಕಡಿಮೆಯಾಗುತ್ತವೆ. ಆದ್ದರಿಂದ ವಾಶ್‌ನಲ್ಲಿ ಕಣಗಳು ಸಿಗಲಿಲ್ಲ ಎಂಬುದನ್ನು ಕ್ಯಾನ್ಸರ್ ಇಲ್ಲ ಎಂದು ಓದಿಕೊಳ್ಳಬಾರದು.

ತುಣುಕು ತೆಗೆದರೂ ತೊಡಕುಗಳು ತಪ್ಪುವುದಿಲ್ಲ. ನಮ್ಮ ಕೈಗೆ ಬರುವ ಒಂದೊಂದು ತುಣುಕೂ ಸಾಸಿವೆ ಕಾಳಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಇರುತ್ತದೆ. ಗಡ್ಡೆಯ ಮೇಲ್ಭಾಗ ಕೊಳೆತಿದ್ದರೆ ಫೋರ್ಸೆಪ್ಸ್‌ಗೆ ಸತ್ತ ಕಣಗಳೇ ಸಿಕ್ಕು, ಸೂಕ್ಷ್ಮದರ್ಶಕದಲ್ಲಿ ಬರೀ ಗುಲಾಬಿ ಬಣ್ಣದ ಕಸ ಕಾಣುತ್ತದೆ. ಸ್ಮಾಲ್ ಸೆಲ್ ಎಂಬ ಬಗೆಯ ಕ್ಯಾನ್ಸರಿನಲ್ಲಿ ಚಿಮ್ಮಟದ ಒತ್ತಡಕ್ಕೆ ಕಣಗಳು ಹಿಸುಕಿ, ನೀಲಿ ಗೆರೆಗಳಾಗಿ ಎಳೆದುಕೊಂಡು ಹೋಗಿರುತ್ತವೆ. ಈ ಕಾರಣಕ್ಕಾಗಿಯೇ ಒಂದೆರಡಲ್ಲ, ಐದಾರು ತುಣುಕುಗಳನ್ನಾದರೂ ಕಳುಹಿಸಿ ಎಂದು ನಾವು ಕೇಳುತ್ತೇವೆ.

ಇನ್ನು, ‘ಕ್ಯಾನ್ಸರ್’ ಎಂಬ ಒಂದು ಉತ್ತರದಿಂದ ಈಗ ಚಿಕಿತ್ಸೆ ನಿರ್ಧಾರವಾಗುವುದಿಲ್ಲ. ಅದು ಅಡಿನೋಕಾರ್ಸಿನೋಮವೋ ಸ್ಕ್ವೇಮಸ್ ಬಗೆಯದೋ ಎಂದು ತಿಳಿಯಲು ಟಿಟಿಎಫ್-1 ಮತ್ತು ಪಿ40 ಎಂಬ ಬಣ್ಣದ ಪರೀಕ್ಷೆಗಳನ್ನು ಮಾಡಬೇಕಾಗುತ್ತದೆ. ಅಡಿನೋಕಾರ್ಸಿನೋಮ ಎಂದಾದರೆ ಅದೇ ತುಣುಕಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಮೊದಲಾದ ಜೀನ್‌ಗಳ ಬದಲಾವಣೆಯನ್ನೂ ಹುಡುಕಬೇಕು, ಏಕೆಂದರೆ ಅವು ಇದ್ದವರಿಗೆ ಕಿಮೋ ಬದಲು ಮಾತ್ರೆಯಿಂದಲೇ ಚಿಕಿತ್ಸೆ ಆರಂಭಿಸುವ ಅವಕಾಶವಿದೆ. ಸ್ಯಾಂಪಲ್ ಕಡಿಮೆಯಾದಾಗ ಹೆಸರು ಗೊತ್ತಾದರೂ ಔಷಧ ಗೊತ್ತಾಗದೆ ಉಳಿಯುತ್ತದೆ. ನನಗೆ ಬಹಳ ಬೇಸರ ತರಿಸುವುದು ಇಂಥ ವರದಿಗಳೇ.

ನಮ್ಮ ಭಾಗದಲ್ಲಿ ಕ್ಷಯದ ಸಂದೇಹವನ್ನೂ ಬಿಡುವಂತಿಲ್ಲ, ಅದೂ ಸ್ಕ್ಯಾನ್‌ನಲ್ಲಿ ಗಡ್ಡೆಯಂತೆ ಕಾಣಬಲ್ಲದು. ಇಲ್ಲಿ ಒಂದು ಎಚ್ಚರಿಕೆ ಬೇಕು: ಕ್ಯಾನ್ಸರ್ ಪರೀಕ್ಷೆಯ ತುಣುಕು ಅದನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಹೋಗಬೇಕು, ಕ್ಷಯದ ಕಲ್ಚರ್ ಮತ್ತು ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗಳದ್ದು ಸಲೈನ್‌ನಲ್ಲಿ ಬೇರೆ ಡಬ್ಬಿಯಲ್ಲಿ ಹೋಗಬೇಕು. ಫಾರ್ಮಲಿನ್ ತಾಗಿದರೆ ಕ್ಷಯದ ಬ್ಯಾಕ್ಟೀರಿಯಾ ಸಾಯುತ್ತದೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಎರಡೂ ಡಬ್ಬಿ ಹೋಗುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

‘ಕತ್ತರಿ ತಾಗಿಸಿದರೆ ರೋಗ ಮೈಯೆಲ್ಲ ಹರಡುತ್ತದೆ’ ಎಂದು ಊರಿನ ಹಿರಿಯರು ಹೇಳುತ್ತಿರುವುದಾಗಿ ಬರೆದಿದ್ದೀರಿ. ಬ್ರಾಂಕೋಸ್ಕೋಪಿಯಿಂದ ಹಾಗಾಗುವುದು ಅತ್ಯಂತ ಅಪರೂಪ. ನಿಜವಾಗಿ ಗಮನಿಸಬೇಕಾದದ್ದು ರಕ್ತಸ್ರಾವ, ಮತ್ತು ಅಂಚಿನ ಗಡ್ಡೆಯಾದರೆ ಎದೆಗೂಡಿನೊಳಗೆ ಗಾಳಿ ಸೋರುವುದು. ತಂದೆಯವರು ಹೃದಯಕ್ಕೆಂದು ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಿರಿ. ಗಡ್ಡೆ ಅಂಚಿನಲ್ಲಿದ್ದರೆ ಸಿ.ಟಿ. ನೋಡುತ್ತ ಹೊರಗಿನಿಂದ ಸೂಜಿ ಹಾಕುವುದು ಸುಲಭವಾಗಬಹುದು. ಎದೆಯ ನಡುವಿನ ಲಿಂಫ್ ಗಂಟುಗಳು (ದುಗ್ಧಗ್ರಂಥಿಗಳು) ಊದಿದ್ದರೆ ಇಬಸ್ ಎಂಬ, ಅಲ್ಟ್ರಾಸೌಂಡ್ ಇರುವ ಬ್ರಾಂಕೋಸ್ಕೋಪಿಯಿಂದ ಅಲ್ಲಿಯೇ ಸೂಜಿ ಹಾಕಿ ರೋಗವನ್ನೂ ಅದರ ಹಂತವನ್ನೂ ಒಟ್ಟಿಗೆ ತಿಳಿಯಬಹುದು. ನಿಮ್ಮ ತಂದೆಯವರಿಗೆ ಯಾವುದು ಸೂಕ್ತ ಎಂಬುದನ್ನು ಸ್ಕ್ಯಾನ್ ಫಿಲ್ಮ್ ಮುಂದಿಟ್ಟುಕೊಂಡೇ ಕೇಳಿರಿ.

ಮುಂದೆ ಬೆಳಗಾವಿಗೋ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವುದಾದರೆ, ವರದಿಯ ಕಾಗದದ ಜೊತೆಗೆ ಸ್ಲೈಡ್‌ಗಳನ್ನೂ, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಲ್ಯಾಬ್‌ನಿಂದ ಅರ್ಜಿ ಕೊಟ್ಟು ಪಡೆದುಕೊಳ್ಳಿರಿ. ಆ ಬ್ಲಾಕಿನಲ್ಲಿ ಸಾಕಷ್ಟು ತುಣುಕು ಉಳಿದಿದ್ದರೆ ಜೀನ್ ಪರೀಕ್ಷೆಯನ್ನು ಅದರಲ್ಲೇ ಮಾಡುತ್ತಾರೆ, ಮತ್ತೊಮ್ಮೆ ನಳಿಕೆ ಹಾಕಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ.