ಆಂಥರಿಡಿಯಂನ ಹೊದಿಕೆಯಲ್ಲಿ ಕೋಶಗಳೆಷ್ಟು?

ಪ್ರಶ್ನೆ: ಜರೀಗಿಡದ ಆಂಥರಿಡಿಯಂಗೆ (ವೀರ್ಯಾಣುಗಳು ಹುಟ್ಟುವ ಅಂಗಕ್ಕೆ) ಮೂರೇ ಕೋಶಗಳ ಹೊದಿಕೆ ಎಂದು ಪಠ್ಯದಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ಬುಡಕ್ಕೊಂದು, ನೆತ್ತಿಗೊಂದು, ಎಡಬಲಕ್ಕೆ ಒಂದೊಂದು, ಹೀಗೆ ನಾಲ್ಕು ಕಾಣುತ್ತವೆ. ಮೊದಲ ಗೋಡೆಯೂ ಪಠ್ಯ ಹೇಳುವಂತೆ ಆಲಿಕೆಯ ಆಕಾರದಲ್ಲಿಲ್ಲ, ಚಪ್ಪಟೆಯಾಗಿದೆ. ಯಾವುದು ಸರಿ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎಡಬಲಕ್ಕೆ ಕಂಡದ್ದು ಒಂದೇ ಕೋಶ. ಕೋಡುಬಳೆಯನ್ನು ಅಡ್ಡಕ್ಕೆ ಸೀಳಿದರೆ ಎರಡು ದುಂಡು ಕಾಣುವಂತೆ ಅದು ಕಂಡಿದೆ. ಆದರೆ ಕೋಡುಬಳೆಯಲ್ಲಿ ತುದಿಗಳನ್ನು ಅಂಟಿಸಿದ ಗುರುತಿರುತ್ತದೆ, ಈ ಉಂಗುರಕೋಶದಲ್ಲಿ ಅಂಥ ಜೋಡಣೆಯೇ ಇಲ್ಲ. ಏಕೆಂದರೆ ಅದನ್ನು ರೂಪಿಸುವ ಎರಡನೆಯ, ಮೂರನೆಯ ಗೋಡೆಗಳು ಹುಟ್ಟುವುದೇ ಬಾಗಿಕೊಂಡು.

ಪ್ರೋಥಾಲಸ್‌ನ (ಬೀಜಕ ಮೊಳೆತು ಬರುವ ಪುಟ್ಟ ಹಸಿರು ಹಾಳೆಯ) ಮೈಮೇಲಿನ ಕೋಶವೊಂದು ಉಬ್ಬಿ ಬೇರ್ಪಡುತ್ತದೆ. ಅದರ ಮೊದಲ ವಿಭಜನೆಯಲ್ಲಿ ಬುಡದ ಕೋಶ ಸಿಗುತ್ತದೆ. ಎರಡನೆಯ ಗೋಡೆ ಗುಮ್ಮಟದಂತೆ ಎದ್ದು, ಒಳಗಿನ ವೀರ್ಯಜನಕ ಕೋಶವನ್ನು ಹೊರಗಿನದರಿಂದ ಬಿಡಿಸುತ್ತದೆ. ಮೂರನೆಯದು ಹೊರಕೋಶದ ನೆತ್ತಿಯನ್ನು ಸುತ್ತಲೂ ಕತ್ತರಿಸುತ್ತದೆ: ಮೇಲೆ ಮುಚ್ಚಳ, ಕೆಳಗೆ ಉಂಗುರ.

ಆಲಿಕೆಯ ವಿಷಯದಲ್ಲಿ ನಿಮ್ಮ ಕಣ್ಣನ್ನೇ ನಂಬಿ. ಮೊದಲ ಗೋಡೆ ಎಷ್ಟೋ ಸಲ ಚಪ್ಪಟೆಯಾಗಿಯೇ ಮೂಡುತ್ತದೆ. ಮೇಲಿನ ಕೋಶ ಊದಿದಂತೆ ಎಳೆಯ ಗೋಡೆ ಕೆಳಕ್ಕೆ ಜೋತು, ಕೆಲವೊಮ್ಮೆ ಬುಡದ ಹಳೆಯ ಗೋಡೆಗೆ ತಾಗುತ್ತದೆ. ತಾಗಿದರೆ ಬುಡದ ಕೋಶವೂ ಉಂಗುರವೇ. ಪಠ್ಯಗಳು ಈ ಕೊನೆಯ ಸ್ಥಿತಿಯನ್ನೇ ಆರಂಭವೆಂಬಂತೆ ಬರೆದುಬಿಡುತ್ತವೆ.

ಖಚಿತಪಡಿಸಿಕೊಳ್ಳಲು ಕೋಶಕೇಂದ್ರಗಳನ್ನು ಎಣಿಸಿ. ಎಳೆಯ ಪ್ರೋಥಾಲಸನ್ನು 3 ಪಾಲು ಆಲ್ಕೊಹಾಲ್, 1 ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಒಂದು ರಾತ್ರಿ ಇಡಿ, ಹಸಿರೂ ಇಳಿಯುತ್ತದೆ. ಶೇ. 1ರ ಅಸಿಟೋಕಾರ್ಮೈನ್ ಹಾಕಿ, ಕುದಿಯದಂತೆ ಬೆಚ್ಚಗೆ ಮಾಡಿ, ಕೆಳಮೈ ಮೇಲಾಗುವಂತೆ ಸ್ಲೈಡಿನಲ್ಲಿಡಿ. 400 ಪಟ್ಟು ವರ್ಧನೆಯಲ್ಲಿ ಫೋಕಸ್ ಮೇಲೆ ಕೆಳಗೆ ಸರಿಸುತ್ತ ಉಂಗುರವನ್ನು ಸುತ್ತಿಬನ್ನಿ: ಕೇಂದ್ರ ಒಂದೇ ಇರುತ್ತದೆ. ಈ ಬಣ್ಣ ಗೋಡೆಗೆ ಹಿಡಿಯುವುದಿಲ್ಲ. ಡಯಾಫ್ರಂ (ಸೂಕ್ಷ್ಮದರ್ಶಕದ ಬೆಳಕಿನ ಕಿಂಡಿ) ಕಿರಿದು ಮಾಡಿದರೆ ಗೋಡೆಯ ಗೆರೆ ಎದ್ದು ಕಾಣುತ್ತದೆ.

ಒಳಗೆ ಒಂದರಿಂದ ನಾಲ್ಕು ಕೋಶಗಳಿರುವ ಆಂಥರಿಡಿಯಂ ಆರಿಸಿ. ಬಲಿತದ್ದರಲ್ಲಿ 16, 32 ಕೋಶಗಳು ತುಂಬಿ ಹೊದಿಕೆ ಮರೆಯಾಗುತ್ತದೆ. ಹಸಿಯಾಗಿ ನೀರಿನಲ್ಲಿಟ್ಟರೆ ಇನ್ನೂ ಕಷ್ಟ: ನೋಡುನೋಡುತ್ತಲೇ ಮುಚ್ಚಳ ಕಳಚಿ ವೀರ್ಯಾಣುಗಳು ಹೊರಬೀಳುತ್ತವೆ.

ಪ್ರಶ್ನೆ: ಆರ್ಕಿಗೋನಿಯಂನ (ಅಂಡವಿರುವ ಅಂಗದ) ಕತ್ತಿನ ನಾಳಕೋಶದಲ್ಲಿ ಎರಡು ಕೇಂದ್ರಗಳಿವೆ, ನಡುವೆ ಗೋಡೆಯಿಲ್ಲ. ಬಣ್ಣ ಹಾಕುವುದರಲ್ಲಿ ದೋಷವೇ?
– ಪಿಯು ಉಪನ್ಯಾಸಕರು, ಸಿರಸಿ

ಉತ್ತರ: ದೋಷವಲ್ಲ. ಅಲ್ಲಿ ಕೇಂದ್ರ ಒಡೆಯುತ್ತದೆ, ಗೋಡೆ ಸಾಮಾನ್ಯವಾಗಿ ಬರುವುದಿಲ್ಲ. ಮುಂದೆ ಆ ಕೋಶ ಲೋಳೆಯಾಗಿ ಕರಗಿ ವೀರ್ಯಾಣುವಿಗೆ ದಾರಿ ಬಿಡುತ್ತದೆ. ಅದರ ಕೆಳಗಿನ ಕೋಶದಲ್ಲಿ ಮಾತ್ರ ಗೋಡೆ ಮೂಡಿ, ಮೇಲೆ ಚಿಕ್ಕ ಉದರನಾಳಕೋಶ, ಕೆಳಗೆ ದೊಡ್ಡ ಅಂಡ ಬೇರೆಯಾಗುತ್ತವೆ. ಮೇಲಿನಿಂದ ನೋಡಿದರೆ ಕತ್ತಿನ ನಾಲ್ಕು ಸಾಲು ಕೋಶಗಳಷ್ಟೇ ಕಂಡಾವು. ಕೆಳಮೈ ಹೊರಗಾಗುವಂತೆ ಪ್ರೋಥಾಲಸನ್ನು ನಡುದಿಂಬಿನ ಉದ್ದಕ್ಕೆ ಮಡಿಸಿ; ಮಡಿಕೆಯ ಅಂಚಿನಲ್ಲಿ ಕತ್ತುಗಳು ಪಕ್ಕನೋಟಕ್ಕೆ ಸಿಗುತ್ತವೆ.